ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಬುಷ್ ಬೋಲ್ಟ್ ಟೈಟ್ ಮಾಡಿ

ಪ್ರಶ್ನೆ: ನನ್ನದು 2010ರ ಸ್ವಿಫ್ಟ್ ಡೀಸೆಲ್. 1,90,000 ಕಿ.ಮೀ. ಓಡಿದೆ. ಮನೆ ಬ್ರಹ್ಮಾವರದಲ್ಲಿ, ಕೆಲಸ ಮಂಗಳೂರಿನಲ್ಲಿ. ವಾರಕ್ಕೆ ಎರಡು ಮೂರು ಸಲ ಹೆದ್ದಾರಿ ಪ್ರಯಾಣ. ಕೆಲವು ತಿಂಗಳಿಂದ ಹಿಂದಿನ ಕಡೆ ಕಟಕಟ ಶಬ್ದ ಬರುತ್ತಿದೆ. ಹಂಪ್ ದಾಟುವಾಗ ಧಡ್ ಎನ್ನುತ್ತದೆ. 80ರ ವೇಗದಲ್ಲಿ ಲೇನ್ ಬದಲಿಸಿದರೆ ಕಾರಿನ ಹಿಂಭಾಗ ಒಂದು ಕ್ಷಣ ತಡವಾಗಿ ಬಂದ ಹಾಗೆ ಅನಿಸುತ್ತದೆ. ಗ್ಯಾರೇಜಿನಲ್ಲಿ ತೋರಿಸಿದರೆ ಹಿಂದಿನ ಆಕ್ಸಲ್ ಇಡಿಯಾಗಿ ಬದಲಿಸಬೇಕು ಎಂದರು. ನನ್ನ ಭಾವನಿಗೆ ಸ್ವಲ್ಪ ಕೆಲಸ ಗೊತ್ತು, ಟೂಲ್ಸ್ ಕೂಡ ಇದೆ. ಮನೆಯಂಗಳದಲ್ಲೇ ಮಾಡಬಹುದಾ?

ಉತ್ತರ: ಮಾಡಬಹುದು. ನೀವು ಹೇಳಿದ ಲಕ್ಷಣ ನೋಡಿದರೆ ಆಕ್ಸಲ್ ಇಡಿಯಾಗಿ ಬದಲಿಸುವ ಅಗತ್ಯ ಬರಲಿಕ್ಕಿಲ್ಲ. ಸವೆದಿರುವುದು ಹೆಚ್ಚಾಗಿ ರಬ್ಬರ್ ಭಾಗಗಳು ಮತ್ತು ಶಾಕ್ ಅಬ್ಸಾರ್ಬರ್. ಇಬ್ಬರು ಸೇರಿ ಎರಡು ದಿನ ಕೊಟ್ಟರೆ ಆಗುವ ಕೆಲಸ. ಆದರೆ ಕೊನೆಯಲ್ಲಿ ಬೋಲ್ಟ್ ಬಿಗಿ ಮಾಡುವ ರೀತಿ ತಪ್ಪಿದರೆ ಹೊಸ ಬುಷ್ (ಜೋಡಣೆಯ ಜಾಗದಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರ್ ಭಾಗ) ಕೂಡ ಕೆಲವೇ ತಿಂಗಳಲ್ಲಿ ಹರಿದು ಹೋಗುತ್ತದೆ. ಆ ವಿಷಯ ಮುಂದೆ ಬಿಡಿಸಿ ಹೇಳುತ್ತೇನೆ. ಅದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಏನಾದರೂ ಬಿಚ್ಚುವ ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಕೊಡೆ, ಹಿಂದಿನ ಟ್ರೇ, ಎಲ್ಲ ತೆಗೆದು ಅದೇ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬನ್ನಿ. ಸ್ಟೆಪ್ನಿಯ ನಟ್ ಸಡಿಲವಾಗಿದ್ದರೂ ಇದೇ ಕಟಕಟ ಬರುತ್ತದೆ. ಸೈಲೆನ್ಸರ್ ಹಿಡಿದಿರುವ ರಬ್ಬರ್ ತುಂಡಾಗಿದ್ದರೂ ಬರುತ್ತದೆ. ಶಾಕ್ ಬದಲಿಸಿ ಬಂದ ಮೇಲೂ ಶಬ್ದ ಹೋಗದೆ, ಆಮೇಲೆ ಡಿಕ್ಕಿಯಲ್ಲಿ ಜಾಕ್ ಅಲ್ಲಾಡುತ್ತಿದ್ದದ್ದು ಗೊತ್ತಾದ ಗಾಡಿಗಳನ್ನು ನಾನು ನೋಡಿದ್ದೇನೆ.

ಶಬ್ದ ಹಾಗೆಯೇ ಉಂಟು ಅಂತಾದರೆ ಕೆಳಗೆ ನೋಡೋಣ. ನಿಮ್ಮ ಕಾರಿನ ಹಿಂಭಾಗ ಟಾರ್ಷನ್ ಬೀಮ್ ಜಾತಿಯದು. ಐ20, ಪೋಲೊ, ಹೋಂಡಾ ಸಿಟಿಯಲ್ಲೂ ಹೀಗೆಯೇ. ಎರಡು ಚಕ್ರಕ್ಕೂ ಒಂದೊಂದು ಕಬ್ಬಿಣದ ತೋಳು, ಆ ಎರಡು ತೋಳುಗಳ ನಡುವೆ ಅಡ್ಡಕ್ಕೆ ಒಂದು ಬೀಮ್. ತೋಳಿನ ಮುಂದಿನ ತುದಿಯಲ್ಲಿ ದೊಡ್ಡ ರಬ್ಬರ್ ಬುಷ್ (ಬೀಮ್ ಬುಷ್) ಇದೆ, ಅದರ ಮೂಲಕ ಇಡೀ ಆಕ್ಸಲ್ ಬಾಡಿಗೆ ಜೋಡಣೆಯಾಗಿದೆ. ತೋಳಿನ ಮೇಲೆ ಸ್ಪ್ರಿಂಗ್ ಕೂತಿದೆ. ಪಕ್ಕದಲ್ಲಿ ಶಾಕ್ ಬೇರೆಯೇ ನಿಂತಿದೆ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ. ಅದರ ಕೆಲಸ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು. ಒಳಗಿನ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸಿ ಆ ಕುಣಿತವನ್ನು ಬಿಸಿಯಾಗಿ ಬದಲಿಸಿಬಿಡುತ್ತದೆ. ಹಿಂಭಾಗ ಕುಸಿದು ಕೂತಿದ್ದರೆ ಶಾಕ್ ಬದಲಿಸಿ ಪ್ರಯೋಜನ ಇಲ್ಲ, ಸ್ಪ್ರಿಂಗ್ ಮತ್ತು ಅದರ ಕೆಳಗಿನ ರಬ್ಬರ್ ನೋಡಬೇಕು.

ಈಗ ನಿಮ್ಮ ಮೂರು ದೂರು. ಸಣ್ಣ ಹೊಂಡಗಳಲ್ಲಿ ಬರುವ ಕಟಕಟ ಹೆಚ್ಚಾಗಿ ಶಾಕಿನ ಮೇಲಿನ ರಬ್ಬರ್ ಅಥವಾ ಕೆಳಗಿನ ಕಣ್ಣಿನ ಬುಷ್ ಸವೆದದ್ದು. ಹಂಪಿನಲ್ಲಿ ಧಡ್ ಎನ್ನುವುದು ಬಂಪ್ ಸ್ಟಾಪರ್ (ಶಾಕ್ ಪೂರ್ತಿ ಒತ್ತಿದಾಗ ಪೆಟ್ಟು ತಡೆಯುವ ಮೆತ್ತೆ) ಪುಡಿಯಾದದ್ದು, ಜೊತೆಗೆ ಶಾಕಿನ ಶಕ್ತಿ ಹೋಗಿರಬಹುದು. ಲೇನ್ ಬದಲಿಸುವಾಗ ಹಿಂಭಾಗ ತಡವಾಗಿ ಬರುವುದಕ್ಕೆ ಮೊದಲು ಅನುಮಾನ ಪಡಬೇಕಾದದ್ದು ಬೀಮ್ ಬುಷ್. ಇದನ್ನು ಮುಂದೂಡಬೇಡಿ. ಮಳೆಯಲ್ಲಿ ಒದ್ದೆ ರಸ್ತೆಯ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಎತ್ತ ಮುಖ ಮಾಡಬೇಕು ಎಂದು ಹಿಡಿದಿಡುವುದು ಇದೇ ಬುಷ್. ವೇಗದ ಜೊತೆ ಏರುವ ಗುಂಯ್ ಶಬ್ದ ಇದ್ದರೆ ಮಾತ್ರ ವೀಲ್ ಬೇರಿಂಗ್ ಕಡೆ ನೋಡಿ. ನೀವು ಅದನ್ನು ಹೇಳಿಲ್ಲ.

ಟೈರ್ ಕೂಡ ಸಾಕ್ಷಿ ಹೇಳುತ್ತದೆ. ಹಿಂದಿನ ಟೈರ್ ಮೇಲೆ ಕೈಯಾಡಿಸಿ. ಏರು ತಗ್ಗು ಅಲೆಯ ಹಾಗೆ ಸಿಕ್ಕಿದರೆ ಶಾಕ್ ಮುಗಿದಿದೆ, ಚಕ್ರ ನೆಲ ಬಿಟ್ಟು ಹಾರಿ ಹಾರಿ ಬೀಳುತ್ತಿದೆ ಅಂತ. ಒಳ ಅಂಚು ಮಾತ್ರ ನೇರವಾಗಿ ತಿಂದಿದ್ದರೆ ಬುಷ್, ಬೇರಿಂಗ್ ಅಥವಾ ಬಗ್ಗಿದ ಬೀಮ್. ಶಾಕಿನ ಮೈಮೇಲೆ ತೆಳುವಾಗಿ ಎಣ್ಣೆ ಬೆವರು ಇದ್ದು ಧೂಳು ಹಿಡಿದಿದ್ದರೆ ಗಾಬರಿ ಬೇಡ. ಎಣ್ಣೆ ಕೆಳಗೆ ಇಳಿದು ತೊಟ್ಟಿಕ್ಕಿದ ಗುರುತು ಇದ್ದರೆ ಅದು ಹೋಯಿತು.

ಬೀಮ್ ಬುಷ್ ನೋಡಲು ಟಾರ್ಚ್ ಹಿಡಿದು ಹತ್ತಿರ ಹೋಗಬೇಕು. ನಡುವೆ ಬೋಲ್ಟ್ ಹೋಗುವ ಸಣ್ಣ ಕಬ್ಬಿಣದ ಕೊಳವೆ. ಸುತ್ತ ರಬ್ಬರ್. ಹೊರಗೆ ದೊಡ್ಡ ಕಬ್ಬಿಣದ ಬಳೆ. ರಬ್ಬರ್ ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕು ಇರುವುದು ವಯಸ್ಸಿನ ಗುರುತು, ಅಷ್ಟೇ. ನೀವು ಹುಡುಕಬೇಕಾದದ್ದು ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡ ಜಾಗ. ಅಲ್ಲಿ ಕಮಾನಿನ ಹಾಗೆ ಒಂದು ಕಪ್ಪು ಸೀಳು ಕಾಣುತ್ತದೆ. ಅಂಚಿನಲ್ಲಿ ಕಬ್ಬಿಣ ಉಜ್ಜಿ ಉಜ್ಜಿ ಹೊಳೆಯುತ್ತದೆ. ಕೆಳಗೆ ರಬ್ಬರಿನ ಕಪ್ಪು ಪುಡಿ. ಒಂದು ಉದ್ದ ಲಿವರ್ ಹಾಕಿ ತೋಳನ್ನು ಹಿಂದೆ ಮುಂದೆ ಎಬ್ಬಿದರೆ ಆ ಸೀಳು ಬಾಯಿ ತೆರೆದು ಮುಚ್ಚುತ್ತದೆ. ಒಮ್ಮೆ ನೋಡಿದವರಿಗೆ ಮತ್ತೆ ಅನುಮಾನ ಬರುವುದಿಲ್ಲ. ಲಿವರ್ ಇಲ್ಲದಿದ್ದರೆ ಬುಷ್ ಕಾಣುವ ಹಾಗೆ ಮೊಬೈಲನ್ನು ಚಕ್ರದ ದಾರಿಯಿಂದ ದೂರ, ಪಕ್ಕದಲ್ಲಿ ನೆಲದ ಮೇಲಿಟ್ಟು ವಿಡಿಯೊ ಆನ್ ಮಾಡಿ. ಭಾವನವರು ಕಾರನ್ನು ಮೆಲ್ಲ ಹಿಂದೆ ಮುಂದೆ ಚಲಿಸಿ ಬ್ರೇಕ್ ಒತ್ತಲಿ. ತೋಳು ಜಿಗಿಯುವುದು ವಿಡಿಯೊದಲ್ಲಿ ಕಾಣುತ್ತದೆ. ಆಗ ಕಾರಿನ ಕೆಳಗೆ ಯಾರೂ ಇರಬಾರದು.

ನಮ್ಮ ಕರಾವಳಿಯ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಹಳೆ ಎಂಜಿನ್ ಆಯಿಲ್ ಹೊಡೆಸುವುದು. ತುಕ್ಕು ಹಿಡಿಯಬಾರದು ಎಂಬುದು ಉದ್ದೇಶ. ಸಮುದ್ರದ ಉಪ್ಪು ಗಾಳಿಗೆ ಹೆದರುವುದು ಸರಿಯೇ. ಆದರೆ ಬುಷ್‌ನಲ್ಲಿರುವುದು ಹೆಚ್ಚಾಗಿ ನೈಸರ್ಗಿಕ ರಬ್ಬರ್. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಉಬ್ಬಿ ಮೆತ್ತಗಾಗಿ ಕಬ್ಬಿಣದಿಂದ ಕಳಚಿಕೊಳ್ಳುತ್ತದೆ. ಜೊತೆಗೆ ಆ ಎಣ್ಣೆಗೆ ಕೆಂಪು ಮಣ್ಣು ಅಂಟಿ ಗಟ್ಟಿ ಪದರವಾಗಿ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ದಯವಿಟ್ಟು ಅದನ್ನು ನಿಲ್ಲಿಸಿ. ಕಿರಕಿರ ಶಬ್ದಕ್ಕೆ ಬುಷ್ ಮೇಲೆ ಡೀಸೆಲ್, ಸೀಮೆಎಣ್ಣೆ ಸುರಿಯುವುದೂ ಬೇಡ. ಹೊಸ ಬುಷ್ ಕೂರಿಸುವಾಗ ಜಾರಲು ಸೋಪ್ ನೀರು ಸಾಕು.

ಆಕ್ಸಲ್ ಇಡಿಯಾಗಿ ಬದಲಿಸಬೇಕಾ ಎಂಬುದಕ್ಕೆ ಒಂದು ಸ್ಕ್ರೂಡ್ರೈವರ್ ಉತ್ತರ ಕೊಡುತ್ತದೆ. ಸ್ಪ್ರಿಂಗ್ ಕೂರುವ ಬಟ್ಟಲು, ವೆಲ್ಡಿಂಗ್ ಜಾಗ, ಬುಷ್ ಸುತ್ತ ಚುಚ್ಚಿ ನೋಡಿ. ಪದರ ಪದರ ಎದ್ದು ಬಂದು ಒಳಗೆ ಚುಚ್ಚಿದರೆ ಗ್ಯಾರೇಜಿನವರು ಹೇಳಿದ್ದು ಸರಿ. ಎಲ್ಲಾದರೂ ಹಿಂದಿನ ಚಕ್ರಕ್ಕೆ ಬಲವಾಗಿ ಪೆಟ್ಟು ಬಿದ್ದು ಬೀಮ್ ಬಗ್ಗಿದ್ದರೂ ಅವರ ಮಾತೇ ಸರಿ. ಮೇಲ್ಮೈಯ ತುಕ್ಕು ಮಾತ್ರ ಇದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ, ಪ್ರೈಮರ್ ಮತ್ತು ಪೇಂಟ್ ಕೊಡಿ. ಸ್ಪ್ರಿಂಗ್ ಬಟ್ಟಲಿನಲ್ಲಿ ನೀರು ಇಳಿಯಲು ತೂತು ಇರುತ್ತದೆ. ನಮ್ಮ ಊರಿನ ಕೆಂಪು ಮಣ್ಣು ಅದನ್ನು ಮುಚ್ಚಿಬಿಡುತ್ತದೆ. ಸ್ಪ್ರಿಂಗಿನ ಕೊನೆಯ ಸುತ್ತು ಅದರಲ್ಲೇ ನೆನೆಯುತ್ತಾ ಕೂತು ತುಂಡಾಗುವುದು. ತೂತು ಬಿಡಿಸಿ.

ಸಾಮಾನು ತರುವಾಗ ಎರಡೂ ಬದಿಗೆ ಜೊತೆಯಾಗಿ ತನ್ನಿ. ಎರಡು ಶಾಕ್, ಅವುಗಳ ಮೇಲಿನ ರಬ್ಬರ್, ಬಂಪ್ ಸ್ಟಾಪರ್, ಸ್ಪ್ರಿಂಗಿನ ಮೇಲಿನ ಕೆಳಗಿನ ರಬ್ಬರ್, ಎರಡು ಬೀಮ್ ಬುಷ್. ಸ್ಪ್ರಿಂಗ್ ತುಂಡಾಗದೆ, ಎರಡೂ ಬದಿ ಒಂದೇ ಎತ್ತರ ಇದ್ದರೆ ಹಳೆಯದನ್ನೇ ಇಟ್ಟುಕೊಳ್ಳಬಹುದು. ಪಾಲಿಯುರೆಥೇನ್ ಬುಷ್ ಬಾಳಿಕೆ ಜಾಸ್ತಿ ಅಂತ ಕೆಲವರು ಹೇಳುತ್ತಾರೆ. ನಿತ್ಯ ಓಡಾಡುವ ಗಾಡಿಗೆ ನಾನು ಹಾಕುವುದಿಲ್ಲ. ಅದು ಗಟ್ಟಿ, ರಸ್ತೆಯ ಕುಲುಕಾಟವನ್ನೆಲ್ಲ ಒಳಗೆ ತರುತ್ತದೆ. ಕಂಪನಿ ರಬ್ಬರ್ ಬುಷ್ ಸಾಕು.

ಬೋಲ್ಟ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಹಳೆ ಬೋಲ್ಟ್ ತುಕ್ಕು ಹಿಡಿದು ಸಪೂರ ಆಗಿದ್ದರೆ ಹೊಸದು ಬೇಕು. ತುಕ್ಕು ಹಿಡಿಯದು ಅಂತ ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕುವವರು ನಮ್ಮಲ್ಲಿ ಇದ್ದಾರೆ. ಹಾಕಬೇಡಿ. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಅಂತ ಅಚ್ಚು ಇರುತ್ತದೆ. 10.9 ಅಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 1000 ನ್ಯೂಟನ್ ಎಳೆತ ತಡೆಯುವ ಉಕ್ಕು. ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟ್, ಎ2-70 ಎಂಬುದು, 700ಕ್ಕೆ ನಿಲ್ಲುತ್ತದೆ. ಹಳೆಯದರ ಮೇಲೆ ಯಾವ ಅಂಕಿ ಇದೆಯೋ ಅದೇ ಅಂಕಿಯ, ಅದೇ ಉದ್ದದ ಬೋಲ್ಟ್ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ತನ್ನಿ. ನೈಲಾನ್ ಬಳೆ ಇರುವ ಲಾಕ್ ನಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಿ.

ಶನಿವಾರ ಕೆಲಸ ಅಂದರೆ ಗುರುವಾರ, ಶುಕ್ರವಾರ ರಾತ್ರಿ ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬರೀ ನಟ್ಟಿನ ಎಳೆಗೆ, ರಬ್ಬರಿಗೆ ಬೇಡ. ಪತ್ತನಾಜೆಗೆ (ಮೇ ಕೊನೆಯ ವಾರ) ಮುಂಚೆ ಮುಗಿಸಿಕೊಳ್ಳುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಅಂಗಳದಲ್ಲಿ ಮಲಗಿ ಮಾಡುವ ಕೆಲಸ ಅಲ್ಲ ಇದು.

ಎತ್ತುವಾಗ ಎಚ್ಚರ, ಮಾರಾಯ್ರೇ. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ ಅಂತ ಧೈರ್ಯ ಮಾಡಬೇಡಿ. ಅದು ಹಿಡಿಯುವುದು ಹಿಂದಿನ ಚಕ್ರವನ್ನು. ಆ ಚಕ್ರಗಳೇ ಗಾಳಿಯಲ್ಲಿ ಇದ್ದರೆ ಕಾರನ್ನು ಹಿಡಿದಿಡುವುದು ಯಾರು? ಗೇರ್ ಒಂದರಲ್ಲಿ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಜಾಕ್ ಎತ್ತಲು ಮಾತ್ರ. ಹೊರಲು ಜಾಕ್ ಸ್ಟ್ಯಾಂಡ್ ಬೇಕು, ಎರಡು. ಅಂಗಳದಲ್ಲಿ ಕೆಂಪು ಕಲ್ಲು ಹೇಗೂ ಇದೆ ಅಂತ ಅದನ್ನು ಇಡುತ್ತಾರೆ. ಕೆಂಪು ಕಲ್ಲು ಬಿರುಕು ಬಿಟ್ಟು ಎಚ್ಚರಿಕೆ ಕೊಟ್ಟು ಒಡೆಯುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ನಿಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದರೆ ಸ್ಟ್ಯಾಂಡಿನ ಕಾಲು ಒಂದೇ ಕಡೆ ಇಳಿಯುತ್ತದೆ, ಅಡಿಗೆ ದಪ್ಪ ಪ್ಲೈವುಡ್ ಕೊಡಿ. ಸ್ಟ್ಯಾಂಡ್ ಇಟ್ಟ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಾದರೆ ನೀವು ಒಳಗೆ ಹೋಗುವ ಮೊದಲೇ ಬೀಳಲಿ. ಬಿಚ್ಚಿದ ಚಕ್ರಗಳನ್ನು ಬಾಡಿಯ ಅಡಿಗೆ ಮಲಗಿಸಿಡಿ. ಬೀಮಿನ ನಡುವೆ ಜಾಕ್ ಕೊಡಬೇಡಿ, ತಿರುಚಲಿಕ್ಕೆಂದೇ ಮಾಡಿದ ಭಾಗ ಅದು.

ಕಾರು ಎತ್ತುವ ಮೊದಲು, ಸಮತಟ್ಟು ಜಾಗದಲ್ಲಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಎರಡೂ ಬದಿಯ ಅಳತೆ ಬರೆದಿಡಿ.

ಈಗ ಶಾಕ್. ಕಾರು ಎತ್ತಿ ಚಕ್ರ ಗಾಳಿಯಲ್ಲಿರುವಾಗ ಬೀಮ್ ಕೆಳಗೆ ಇಳಿಯದಂತೆ ಹಿಡಿದಿರುವುದೇ ಶಾಕ್. ಸ್ಪ್ರಿಂಗಿನ ಬಲ ಅದರ ಮೇಲೆಯೇ ಇದೆ. ಹಾಗಾಗಿ ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಸ್ಪ್ರಿಂಗ್ ಬಟ್ಟಲಿನ ಅಡಿಗೆ ಇನ್ನೊಂದು ಜಾಕ್ ಕೊಟ್ಟು ಸ್ವಲ್ಪ ಎತ್ತಿ. ಬೋಲ್ಟ್ ಆಗ ಹಗುರಾಗಿ ಬರುತ್ತದೆ. ಮೇಲಿನ ತುದಿ ಕೆಲವು ಕಾರುಗಳಲ್ಲಿ ಡಿಕ್ಕಿಯ ಪ್ಲಾಸ್ಟಿಕ್ ಹಿಂದೆ, ಕೆಲವಲ್ಲಿ ಚಕ್ರದ ಗೂಡಿನೊಳಗೆ ಇರುತ್ತದೆ. ನಟ್ ಜೊತೆ ರಾಡ್ ಕೂಡ ಸುತ್ತಿದರೆ ರಾಡಿನ ತುದಿಯ ಚಪ್ಪಟೆ ಜಾಗವನ್ನು ಸ್ಪ್ಯಾನರಿನಲ್ಲಿ ಹಿಡಿಯಿರಿ. ಹೊಸ ಶಾಕಿನ ಹೊಳೆಯುವ ರಾಡಿಗೆ ಪ್ಲೈಯರ್ ಹಾಕಲೇಬೇಡಿ. ಒಂದು ಗೀರು ಬಿದ್ದರೆ ಅದು ಮೇಲೆ ಕೆಳಗೆ ಹೋಗುವಾಗ ಸೀಲನ್ನು ಕೊಯ್ಯುತ್ತದೆ, ಎಣ್ಣೆ ಸೋರುತ್ತದೆ. ಹೊಸ ಶಾಕ್ ಅಂಗಡಿಯಲ್ಲಿ ಮಲಗಿಸಿಟ್ಟದ್ದು. ಕೂರಿಸುವ ಮೊದಲು ನೆಟ್ಟಗೆ ನಿಲ್ಲಿಸಿ, ಪೂರ್ತಿ ಒತ್ತಿ ಪೂರ್ತಿ ಎಳೆದು ನಾಲ್ಕೈದು ಸಲ ಮಾಡಿ. ಮೊದಲ ಸಲ ನಡುವೆ ಎಲ್ಲೋ ಹಿಡಿತ ತಪ್ಪಿದ ಹಾಗೆ ಇರುತ್ತದೆ, ಒಳಗಿನ ಗಾಳಿ ಅದು. ಮೂರನೆಯ ಸಲಕ್ಕೆ ಒಂದೇ ಸಮ ಗಟ್ಟಿಯಾಗುತ್ತದೆ.

ಹಳೆಯ ಬಂಪ್ ಸ್ಟಾಪರ್ ಕೈಗೆತ್ತಿಕೊಂಡರೆ ರಸ್ಕಿನ ಹಾಗೆ ಪುಡಿಯಾಗಬಹುದು. ಧಡ್ ಶಬ್ದದ ಕಾರಣ ಆಗ ನಿಮ್ಮ ಅಂಗೈಯಲ್ಲೇ ಇರುತ್ತದೆ.

ಸ್ಪ್ರಿಂಗ್ ತೆಗೆಯಲು ಎರಡೂ ಶಾಕಿನ ಕೆಳಗಿನ ಬೋಲ್ಟ್ ಬಿಡಿಸಿ, ಜಾಕನ್ನು ಮೆಲ್ಲ ಇಳಿಸಿ. ಮುಂದಿನ ಸಸ್ಪೆನ್ಷನ್ ಹಾಗೆ ಇದಕ್ಕೆ ಸ್ಪ್ರಿಂಗ್ ಒತ್ತುವ ಸಾಧನ ಬೇಡ, ಪೂರ್ತಿ ಇಳಿದಾಗ ಕೈಯಲ್ಲಿ ಬರುತ್ತದೆ. ಆದರೆ ಇಳಿಸುವಾಗ ಒಬ್ಬರು ಬ್ರೇಕ್ ಹೋಸ್ ಮೇಲೆ ಕಣ್ಣಿಟ್ಟಿರಬೇಕು. ಬೀಮಿನ ಭಾರ ಹೋಸ್ ಮೇಲೆ ಬೀಳಬಾರದು. ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ಇದ್ದರೆ ಅದರ ವೈರ್, ಇವುಗಳ ಕ್ಲಿಪ್ ಮೊದಲೇ ಬಿಡಿಸಿ. ವಾಪಸ್ ಹಾಕುವಾಗ ಸ್ಪ್ರಿಂಗಿನ ತುದಿ ರಬ್ಬರಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು.

ಕಷ್ಟದ ಭಾಗ ಬೀಮ್ ಬುಷ್. ಒಮ್ಮೆಗೆ ಒಂದೇ ಬದಿ ಬಿಚ್ಚಿ, ಇನ್ನೊಂದು ಬದಿ ಬೋಲ್ಟ್ ಹಾಗೆಯೇ ಇರಲಿ. ಈ ಕ್ರಮದಲ್ಲಿ ಬ್ರೇಕ್ ಪೈಪ್ ಬಿಚ್ಚುವ ಪ್ರಸಂಗ ಬರುವುದಿಲ್ಲ. ಬೋಲ್ಟ್ ತಿರುಗಿಸುವಾಗ ಮೊದಲು ಒಂದು ಚೂರು ಟೈಟ್ ಕಡೆಗೆ, ಮತ್ತೆ ಲೂಸ್ ಕಡೆಗೆ, ಹೀಗೆ ಹಿಂದೆ ಮುಂದೆ ಮಾಡಿ. ಕರಾವಳಿಯ ಗಾಡಿಗಳಲ್ಲಿ ಬೋಲ್ಟ್ ಒಳಗಿನ ಕೊಳವೆಗೆ ತುಕ್ಕಿನಿಂದ ಅಂಟಿ ಹೋಗಿರುತ್ತದೆ. ಆಗ ನೀವು ತಿರುಗಿಸಿದರೆ ಬೋಲ್ಟ್ ಸ್ವಲ್ಪ ಹೋಗಿ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತದೆ. ರಬ್ಬರ್ ತಿರುಚುತ್ತಿದೆ, ಬೋಲ್ಟ್ ಬಿಟ್ಟಿಲ್ಲ ಅಂತ ಅರ್ಥ. ಮತ್ತೆ ಸ್ಪ್ರೇ ಹೊಡೆದು ಕಾಯಿರಿ. ಬೆಂಕಿ ಹಚ್ಚಬೇಡಿ. ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಟ್ಯಾಂಕ್ ಪಕ್ಕದಲ್ಲೇ ಇದೆ. ಕೆಲವು ಕಾರುಗಳಲ್ಲಿ ನಟ್ ಬಾಡಿಯೊಳಗೆ ವೆಲ್ಡ್ ಆಗಿರುತ್ತದೆ. ಆ ನಟ್ಟೇ ಸುತ್ತಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ. ಅದು ಕೊಯ್ದು ವೆಲ್ಡ್ ಮಾಡುವವರ ಕೆಲಸ.

ಹಳೆ ಬುಷ್ ತೆಗೆಯುವ ಮೊದಲು ಅದರ ಮುಖ ನೋಡಿ. ರಬ್ಬರಿನಲ್ಲಿ ಎರಡು ಕಿಂಡಿಗಳಿವೆ. ಆ ಕಿಂಡಿಗಳು ಯಾವ ದಿಕ್ಕಿಗಿವೆ ಎಂಬುದಕ್ಕೆ ತೋಳಿನ ಮೇಲೆ ಬಿಳಿ ಪೇಂಟಿನಲ್ಲಿ ಗುರುತು ಹಾಕಿ, ಫೋಟೊ ತೆಗೆಯಿರಿ. ಕಿಂಡಿ ಇರುವ ಕಡೆ ಬುಷ್ ಮೆತ್ತಗೆ, ಇಲ್ಲದ ಕಡೆ ಗಟ್ಟಿ. ಒಂದು ಕಾಲು ಸುತ್ತು ತಪ್ಪಿದರೂ ಮೆತ್ತಗಿರಬೇಕಾದಲ್ಲಿ ಗಟ್ಟಿಯಾಗಿ ಗಾಡಿಯ ಗುಣವೇ ಬದಲಾಗುತ್ತದೆ. ತೆಗೆಯಲು ಒಂದು ದಪ್ಪ ಥ್ರೆಡ್ ರಾಡ್, ಎರಡು ನಟ್, ದಪ್ಪ ವಾಷರ್, ಬುಷ್ ಒಳಗೆ ಇಳಿಯುವಷ್ಟು ಅಗಲದ ಪೈಪ್ ತುಂಡು ಬೇಕು. ಲೇತ್ ಶಾಪಿನವರು ಅಳತೆ ಕೊಟ್ಟರೆ ಕೂಡಲೇ ಮಾಡಿಕೊಡುತ್ತಾರೆ. ನಟ್ ತಿರುಗಿಸುತ್ತಾ ಹೋದರೆ ಬುಷ್ ಪೈಪಿನೊಳಗೆ ಎಳೆದು ಬರುತ್ತದೆ. ಹೊಸದನ್ನೂ ಹೀಗೆಯೇ ಒಳಗೆ ಎಳೆಯಿರಿ, ಹೊರಬಳೆಯ ಅಂಚಿಗೆ ಮಾತ್ರ ಬಲ ಬೀಳಲಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಬಳೆ ಓರೆಯಾಗುತ್ತದೆ. ಒಂದು ಗಂಟೆ ಪ್ರಯತ್ನಿಸಿಯೂ ಅಲ್ಲಾಡದಿದ್ದರೆ ಹಠ ಬೇಡ. ಆ ಕೆಲಸವೊಂದನ್ನು ಪ್ರೆಸ್ ಇರುವ ಗ್ಯಾರೇಜಿಗೆ ಕೊಡಿ.

ಇನ್ನು ನಾನು ಮೊದಲೇ ಹೇಳಿದ ವಿಷಯ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅದು ತಿರುಗುವುದಿಲ್ಲ. ತೋಳು ಮೇಲೆ ಕೆಳಗೆ ಹೋಗುವಾಗ ರಬ್ಬರ್ ಮಾತ್ರ ತಿರುಚುತ್ತದೆ. ಕಾರು ಎತ್ತರದಲ್ಲಿ ಇದ್ದು, ತೋಳು ಕೆಳಗೆ ಜೋತು ಬಿದ್ದಿರುವಾಗ ನೀವು ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಸ್ಥಿತಿ. ಕಾರು ಇಳಿಸಿದ ಕೂಡಲೇ ತೋಳು ಮೇಲೆ ಬರುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. 40 ಸೆಂ.ಮೀ. ಉದ್ದದ ತೋಳು 10 ಸೆಂ.ಮೀ. ಮೇಲೆ ಬಂದರೆ 14 ಡಿಗ್ರಿ ತಿರುಚಿದ ಹಾಗೆ. ಅಂದರೆ ಕಾರು ಸುಮ್ನೆ ನಿಂತಿದ್ದಾಗಲೂ ರಬ್ಬರ್ ಎಳೆದುಕೊಂಡೇ ಇದೆ. ಅದರ ಮೇಲೆ ಹೊಂಡ, ಹಂಪ್. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಬಾಡಿಗೆ ಕಾರಿಗೆ ಹೀಗೆ ಜೋತು ಬಿದ್ದಾಗಲೇ ಬಿಗಿದು ಕಳಿಸಿದ್ದೆ. ನಾಲ್ಕು ತಿಂಗಳಲ್ಲಿ ವಾಪಸ್ ಬಂತು. ಒಳ್ಳೆಯ ಕಂಪನಿ ಬುಷ್, ಎರಡೂ ಒಂದೇ ದಿಕ್ಕಿಗೆ ಸೀಳಿ ಹೋಗಿದ್ದವು. ಬಾಡಿಗೆ ಓಡಿಸಿ ಸಂಸಾರ ನಡೆಸುವ ಮನುಷ್ಯ, ಎರಡು ದಿನದ ದುಡಿಮೆ ಕಳೆದುಕೊಂಡರು. ಆ ಎರಡು ಬುಷ್ ಈಗಲೂ ನನ್ನ ಕಪಾಟಿನಲ್ಲಿವೆ, ಕಲಿಯಲು ಬರುವ ಹುಡುಗರಿಗೆ ತೋರಿಸುತ್ತೇನೆ.

ಹಾಗಾಗಿ ಬೀಮ್ ಬುಷ್ ಬೋಲ್ಟ್, ಶಾಕಿನ ಕೆಳಗಿನ ಬೋಲ್ಟ್ ಎರಡನ್ನೂ ಮೊದಲು ಕೈ ಬಿಗಿಗಿಂತ ತುಸು ಜಾಸ್ತಿ ಬಿಗಿದು ಬಿಡಿ. ಚಕ್ರ ಹಾಕಿ. ನಾಲ್ಕೂ ಚಕ್ರದ ಅಡಿಗೆ ಒಂದೇ ದಪ್ಪದ ಅಗಲ ಹಲಗೆಗಳನ್ನು ಜೋಡಿಸಿ ಕಾರನ್ನು ಅದರ ಮೇಲೆ ಇಳಿಸಿ. ಡಿಕ್ಕಿಯ ಹತ್ತಿರ ನಿಂತು ಹಿಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಡಿ, ಎಲ್ಲವೂ ತಮ್ಮ ಜಾಗಕ್ಕೆ ಕೂರಲಿ. ಈಗ, ಭಾರ ಪೂರ್ತಿ ಚಕ್ರದ ಮೇಲಿರುವಾಗ, ಕೆಳಗೆ ಕೈ ಹಾಕಿ ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆದು ತೋರಿಸುವ ಸ್ಪ್ಯಾನರ್) ಬಿಗಿಯಿರಿ. ಬಿಗಿಯ ಅಂಕಿ ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ಲಿನದ್ದೇ ಆಗಬೇಕು, ಅಂದಾಜು ಬೇಡ. ಕೆಳಗೆ ಜಾಗ ಸಾಲದಿದ್ದರೆ ಇನ್ನೊಂದು ದಾರಿ ಉಂಟು. ಬಾಡಿ ಸ್ಟ್ಯಾಂಡಿನ ಮೇಲಿರುವಾಗಲೇ ಸ್ಪ್ರಿಂಗ್ ಬಟ್ಟಲಿಗೆ ಜಾಕ್ ಕೊಟ್ಟು, ನೀವು ಬರೆದಿಟ್ಟ ಆ ಅಳತೆ ಬರುವ ತನಕ ತೋಳನ್ನು ಎತ್ತಿ, ಆಮೇಲೆ ಬಿಗಿಯಿರಿ. ಬಾಡಿ ಸ್ಟ್ಯಾಂಡ್ ಬಿಟ್ಟು ಮೇಲೇಳದಂತೆ ನೋಡಿಕೊಳ್ಳಿ. ಹಳೆ ರಬ್ಬರ್ ಕುಸಿದಿದ್ದರೆ ಅಳತೆಯಲ್ಲಿ ಒಂದಿಷ್ಟು ವ್ಯತ್ಯಾಸ ಬರುತ್ತದೆ. ಆದ್ದರಿಂದ ಹಲಗೆಯ ದಾರಿಯೇ ನನಗೆ ಇಷ್ಟ.

ಕೆಲಸ ಮುಗಿದ ಮೇಲೆ ಬ್ರೇಕ್ ಹೋಸ್ ತಿರುಚಿಲ್ಲ ಅಂತ ನೋಡಿ, ಚಕ್ರದ ನಟ್ ಅಡ್ಡಡ್ಡ ಕ್ರಮದಲ್ಲಿ ಬಿಗಿದು, ಮೊದಲು ಊರೊಳಗೆ ಮೆಲ್ಲ ಓಡಿಸಿ. ಬ್ರೇಕ್ ನೋಡಿಕೊಂಡು ಆಮೇಲೆ ಹೆದ್ದಾರಿಗೆ ಹೋಗಿ. ಸುಮಾರು 100 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟಿಗೆ ಇನ್ನೊಮ್ಮೆ ರೆಂಚ್ ಹಿಡಿಯಿರಿ, ಅದೂ ಕಾರು ನೆಲದ ಮೇಲಿರುವಾಗ. ನಾಲ್ಕು ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಹಿಂದಿನ ಕೋನ ಈ ಜಾತಿಯ ಬೀಮಿನಲ್ಲಿ ತಿರುಗಿಸಿ ಸರಿಮಾಡಲು ಬರುವುದಿಲ್ಲ. ಆದರೂ ಮಷಿನಿನ ಪ್ರಿಂಟ್ ಕೇಳಿ ಪಡೆಯಿರಿ. ಎರಡೂ ಹಿಂದಿನ ಚಕ್ರದ ಅಂಕಿ ಮಿತಿಯೊಳಗೆ ಇದ್ದರೆ ಬೀಮ್ ನೇರ ಇದೆ, ಆಕ್ಸಲ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು. ಒಂದು ಬದಿ ಮಾತ್ರ ತುಂಬಾ ಆಚೀಚೆ ಇದ್ದರೆ ಆ ಪ್ರಿಂಟ್‌ನ ಫೋಟೊ ನನಗೆ ಕಳಿಸಿ. ಹಿಂಭಾಗ ಒಂದೆರಡು ಸೆಂ.ಮೀ. ಮೇಲೆ ಬಂದಿದ್ದರೆ ಹೆಡ್‌ಲೈಟ್ ಬೆಳಕು ನಿಮ್ಮ ಮುಂದೆಯೇ ನೆಲಕ್ಕೆ ಬೀಳುತ್ತದೆ. ರಾತ್ರಿ ಗೋಡೆಗೆ ಹಿಡಿದು ಅದನ್ನೂ ಸರಿ ಮಾಡಿಕೊಳ್ಳಿ.